ಬೆಲುಂ ಗುಹೆ: ಹೋಗುವ ದಾರಿ, ಇಳಿಯುವ ಕ್ರಮ, ಒಳಗೆ ನೋಡಬೇಕಾದ್ದು

ಬೆಲುಂಗೆ ಹೋಗಿ ‘ಇಷ್ಟೇನಾ?’ ಅಂದುಕೊಂಡು ವಾಪಸಾಗುವವರು ಹೆಚ್ಚಾಗಿ ಕತ್ತೆತ್ತಿಕೊಂಡೇ ನಡೆದವರು. ಗುಹೆ ಅಂದ ಕೂಡಲೇ ಚಾವಣಿ ತುಂಬ ಗೊಂಚಲು ಗೊಂಚಲಾಗಿ ಇಳಿಬಿದ್ದ ಕಲ್ಲಿನ ಚಿತ್ರ ಕಣ್ಣಮುಂದೆ ಬರುತ್ತದೆ. ಅದೇ ಬೇಕಿದ್ದರೆ ವಿಶಾಖಪಟ್ಟಣದ ಆಚೆ, ಅನಂತಗಿರಿ ಬೆಟ್ಟದಲ್ಲಿರುವ ಬೊರ್ರಾ ಗುಹೆಗೆ ಹೋಗುವುದು ಮೇಲು. ಬೆಲುಂ ಬೇರೆ ಜಾತಿಯದು. ಇಲ್ಲೂ ಇಳಿಬಿದ್ದ ಕಲ್ಲುಗಳಿವೆ, ಹೆಸರಾಂತವೂ ಹೌದು. ಆದರೆ ಇಲ್ಲಿನ ನಿಜವಾದ ಸೊತ್ತು ಗೋಡೆ. ನೆಲದಡಿಯಲ್ಲಿ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಹರಿದ ಕೊಳವೆಗಳೊಳಗೇ ನೀವು ನಡೆಯುತ್ತೀರಿ. ಆ ನೀರು ಯಾವ ಕಡೆಯಿಂದ ಬಂತು, ತುಂಬಿ ಹರಿಯಿತೋ ತಳದಲ್ಲಷ್ಟೇ ಹರಿಯಿತೋ ಎಂಬುದೆಲ್ಲ ಆ ಗೋಡೆಯ ಮೇಲೆ ಬರೆದಿದೆ. ಅದನ್ನು ಓದಲು ಕಲಿತು ಹೋದರೆ ಒಂದೂವರೆ ಗಂಟೆ ಸಾಲುವುದಿಲ್ಲ. ಕಲಿಯದೆ ಹೋದರೆ ನಲವತ್ತು ನಿಮಿಷಕ್ಕೆ ಬೆವರು ಒರೆಸಿಕೊಂಡು ಹೊರಗೆ ಬಂದಿರುತ್ತೀರಿ.

ಎಲ್ಲಿದೆ, ಎಷ್ಟಿದೆ

ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆ, ಕೊಲಿಮಿಗುಂಡ್ಲ ಮಂಡಲ. 2022ರಲ್ಲಿ ಜಿಲ್ಲೆಗಳನ್ನು ಒಡೆಯುವ ಮೊದಲು ಇದು ಕರ್ನೂಲು ಜಿಲ್ಲೆಯಲ್ಲಿತ್ತು. ಹಳೆಯ ಪುಸ್ತಕ, ಫಲಕಗಳಲ್ಲಿ ಈಗಲೂ ಹಾಗೇ ಇರುತ್ತದೆ, ಗೊಂದಲ ಬೇಡ. ಗುಹೆಯ ಬಾಯಿ ಬೆಟ್ಟದ ಮೇಲಿಲ್ಲ. ಬಯಲು ಹೊಲಗಳ ನಡುವೆ ನೆಲದಲ್ಲಿ ಬಾವಿಯಂತೆ ಮೂರು ಗುಂಡಿಗಳಿವೆ, ನಡುವಿನದೇ ಬಾಗಿಲು. ಹತ್ತಿರ ಹೋಗುವ ತನಕ ಇಲ್ಲಿ ಗುಹೆಯಿದೆ ಎಂದು ಯಾರೂ ಹೇಳಲಾರರು. ಗುರುತಿಗೆ ಸುಮಾರು 40 ಅಡಿ ಎತ್ತರದ ಬುದ್ಧನ ಪ್ರತಿಮೆಯಿದೆ, ದೂರದಿಂದಲೇ ಕಾಣುತ್ತದೆ.

ಅಳತೆ ಮಾಡಿರುವ ಒಟ್ಟು ಉದ್ದ 3,229 ಮೀಟರ್. ಪ್ರವಾಸಿಗರಿಗೆ ತೆರೆದಿರುವುದು ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್. ಬಾಗಿಲ ಮಟ್ಟದಿಂದ ಅತಿ ಆಳದ ಜಾಗ ಪಾತಾಳಗಂಗೆ, 46 ಮೀಟರ್ ಕೆಳಗೆ. ಅಂದರೆ ಹದಿನೈದು ಮಹಡಿಯ ಕಟ್ಟಡದಷ್ಟು ಇಳಿಯಬೇಕು, ಮತ್ತೆ ಅಷ್ಟೂ ಹತ್ತಬೇಕು. ‘ಭಾರತದ ಎರಡನೇ ಅತಿ ಉದ್ದದ ಗುಹೆ’ ಎಂಬ ಮಾತನ್ನು ಎಲ್ಲೆಡೆ ಓದುತ್ತೀರಿ. ಮೇಘಾಲಯದ ಗುಹೆಗಳನ್ನು ಅಳೆದ ಮೇಲೆ ಆ ಮಾತು ಹಳತಾಯಿತು. ಅಲ್ಲಿನ ಕ್ರೆಮ್ ಲಿಯಾಟ್ ಪ್ರಾ ಒಂದೇ 30 ಕಿಲೋಮೀಟರಿಗೂ ಉದ್ದ. ಬಯಲುಸೀಮೆಯಲ್ಲಿ, ಮೆಟ್ಟಿಲು ದೀಪಗಳ ಸೌಕರ್ಯದೊಂದಿಗೆ, ಸಾಮಾನ್ಯ ಜನ ನಡೆದು ನೋಡಬಹುದಾದ ಗುಹೆಗಳಲ್ಲಿ ಬೆಲುಂ ದೊಡ್ಡದು ಎಂದರೆ ತಪ್ಪಾಗದು.

1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದಿಟ್ಟರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಗುರುತಿಸಿದವರೂ ಅವರೇ. ಆಮೇಲೆ ಸುಮಾರು ನೂರು ವರ್ಷ ಯಾರೂ ತಲೆ ಹಾಕಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬಾವರ್ ಮುಂದಾಳತ್ವದ ಜರ್ಮನ್ ತಂಡ ಒಳಗೆ ತೆವಳಿ ನಕ್ಷೆ ಬರೆಯಿತು. ಆಗ ಗುಂಡಿಗಳು ಊರವರು ಕಸ ಸುರಿಯುವ ಜಾಗವಾಗಿದ್ದವು. 1999ರಲ್ಲಿ ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ವಹಿಸಿಕೊಂಡು ಕಸ, ಹೂಳು ತೆಗೆಸಿತು. ಮೆಟ್ಟಿಲು, ದೀಪ, ಗಾಳಿಯ ವ್ಯವಸ್ಥೆ ಮಾಡಿ 2002ರ ಫೆಬ್ರವರಿಯಲ್ಲಿ ಜನರಿಗೆ ಬಿಟ್ಟಿತು.

ಯಾವಾಗ ಹೋಗಬೇಕು

ಗುಹೆಯೆಂದರೆ ತಂಪು ಎಂಬ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ನೆಲದಡಿಯ ಉಷ್ಣಾಂಶ ಮೇಲಿನ ಊರಿನ ವರ್ಷದ ಸರಾಸರಿಗೆ ಬಂದು ನಿಲ್ಲುತ್ತದೆ. ಚಳಿ ದೇಶದ ಗುಹೆಗಳು ತಣ್ಣಗಿರುವುದು ಅದಕ್ಕೇ. ರಾಯಲಸೀಮೆಯ ಸರಾಸರಿ 27–28 ಡಿಗ್ರಿ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ, ಆದರೆ ಒಳಗಿನ ಗಾಳಿಯಲ್ಲಿ ತೇವ ತುಂಬಿಕೊಂಡಿರುತ್ತದೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿರುತ್ತದೆ. ಜನವರಿಯಲ್ಲಿ ಹೋದರೂ ಮೇ ತಿಂಗಳಲ್ಲಿ ಹೋದರೂ ಈ ಸೆಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಹಾಗಿದ್ದರೂ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮುಖ್ಯ ಕಾರಣ ಹೊರಗಿನ ಬಿಸಿಲು. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಒಳಗೆ ಬೆವರಿ ಸುಸ್ತಾದವರಿಗೆ ಮೇಲೆ ಬಂದ ಮೇಲೆ ಸುಧಾರಿಸಿಕೊಳ್ಳಲು ತಂಪಾದ ಜಾಗ ಸಿಗುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆಯಾದ ಮರುದಿನ ಹೋಗಬೇಡಿ. ನೀರು ಕೆಳಗಿನ ಹಾದಿಗಳಿಗೇ ಇಳಿಯುತ್ತದೆ, ಪಾತಾಳಗಂಗೆಯ ಕಡೆ ಬಿಡದೆ ಹೋದರೆ ಅರ್ಧ ಪ್ರಯಾಣ ವ್ಯರ್ಥ.

ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೆ, ಅಂದರೆ ಬೆಳಗ್ಗೆ ಹತ್ತರ ಆಸುಪಾಸಿಗೆ ಅಲ್ಲಿರಿ. ಗದ್ದಲ ತಪ್ಪುತ್ತದೆ, ಗಾಳಿಯೂ ಚೆನ್ನಾಗಿರುತ್ತದೆ. ನೂರಾರು ಜನ ಒಳಗೆ ಉಸಿರಾಡಿ ಬೆವರಿದ ಮೇಲೆ, ಕಿರಿದಾದ ಹಾದಿಗಳಲ್ಲಿ ಮಧ್ಯಾಹ್ನದ ಗಾಳಿ ಬೆಳಗಿನಂತಿರುವುದಿಲ್ಲ. ಕೊಳವೆಬಾವಿಯಂತೆ ಮೇಲಿನಿಂದ ಕೊರೆದ ರಂಧ್ರಗಳ ಮೂಲಕ ಗಾಳಿ ತಳ್ಳುವ ಏರ್ಪಾಡಿದೆ, ಆದರೆ ಭಾನುವಾರದ ಜಾತ್ರೆಗೆ ಅದು ಸಾಲದು. ಹಬ್ಬದ ರಜೆ, ಶಾಲಾ ಪ್ರವಾಸದ ಡಿಸೆಂಬರ್ ವಾರಗಳನ್ನೂ ತಪ್ಪಿಸಿ.

ದಾರಿ

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಪೆನುಕೊಂಡ ದಾಟಿ ಅನಂತಪುರ. ಅಲ್ಲಿಂದ ಬಲಕ್ಕೆ ತಾಡಪತ್ರಿ, ತಾಡಪತ್ರಿಯಿಂದ ಸುಮಾರು 30 ಕಿಲೋಮೀಟರಿಗೆ ಗುಹೆ. ಒಟ್ಟು ಹತ್ತಿರಹತ್ತಿರ 300 ಕಿಲೋಮೀಟರ್, ತಿಂಡಿಗೆ ನಿಲ್ಲಿಸುವುದೂ ಸೇರಿ ಐದೂವರೆ–ಆರು ಗಂಟೆ. ಹೆದ್ದಾರಿಯಲ್ಲಿ ಓಡಿಸಿದ ವೇಗ ಅನಂತಪುರದ ಆಚೆ ಸಿಗುವುದಿಲ್ಲ. ಸಿಮೆಂಟು ಕಾರ್ಖಾನೆಗಳ ಲಾರಿ, ಕಲ್ಲು ಚಪ್ಪಡಿ ತುಂಬಿದ ಟ್ರ್ಯಾಕ್ಟರ್‌ಗಳ ಹಿಂದೆ ತಾಳ್ಮೆಯಿಂದ ಹೋಗಬೇಕು. ಹತ್ತಕ್ಕೆ ತಲುಪಬೇಕಿದ್ದರೆ ನಾಲ್ಕಕ್ಕೆ ಹೊರಡಿ. ಒಂದೇ ದಿನದಲ್ಲಿ ಹೋಗಿ ಬರಬಹುದು, ಆದರೆ ರಾತ್ರಿ ವಾಪಸು ಓಡಿಸುವವರು ಗುಹೆಯಲ್ಲಿ ಬೆವರಿ ಸುಸ್ತಾದವರೇ ಆಗಿರುತ್ತಾರೆ. ಇಬ್ಬರಿಗೆ ಡ್ರೈವಿಂಗ್ ಬರುತ್ತಿದ್ದರೆ ಮಾತ್ರ ಆ ಸಾಹಸ.

ಬಳ್ಳಾರಿಯವರಿಗೆ ಇದು ಹತ್ತಿರದ ಜಾಗ. ಗುಂತಕಲ್, ಗುತ್ತಿ, ತಾಡಪತ್ರಿ ಮೇಲೆ ಬೆಳಗ್ಗೆ ಹೋಗಿ ಸಂಜೆ ಮನೆ ಸೇರಬಹುದು. ರೈಲಿನಲ್ಲಿ ಬರುವವರು ಗುಂತಕಲ್–ಕಡಪ ಮಾರ್ಗದ ತಾಡಪತ್ರಿಯಲ್ಲಿ ಇಳಿದು ಬಸ್ ನಿಲ್ದಾಣದಲ್ಲಿ ಕೊಲಿಮಿಗುಂಡ್ಲ, ಬನಗಾನಪಲ್ಲಿ ಕಡೆಯ ಬಸ್ ಹಿಡಿಯಬೇಕು. ಹತ್ತುವಾಗಲೇ ಕಂಡಕ್ಟರ್‌ಗೆ ‘ಬೆಲುಂ ಗುಹಲು’ ಎಂದು ಹೇಳಿ. ಬರೀ ‘ಬೆಲುಂ’ ಎಂದರೆ ಊರಿನಲ್ಲಿ ಇಳಿಸಿಬಿಟ್ಟಾರು, ಊರಿಗೂ ಗುಹೆಗೂ ನಡುವೆ ಎರಡು ಮೂರು ಕಿಲೋಮೀಟರ್ ಬಿಸಿಲಿದೆ. ಇಳಿದ ಕೂಡಲೇ ವಾಪಸಿನ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಿ.

ದಾರಿಯಲ್ಲಿ ಎರಡೂ ಬದಿ ಜೋಡಿಸಿಟ್ಟ ಕಪ್ಪು, ಬೂದು ಚಪ್ಪಡಿಗಳನ್ನು ಗಮನಿಸಿ. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಕಿಸುವ ಕಡಪ ಕಲ್ಲು ಬರುವುದು ಈ ಸೀಮೆಯಿಂದ. ಅದು ಸುಣ್ಣಕಲ್ಲು. ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಹೊಳಪು ಹೋಗಿ ಕಲೆ ಕೂರುವುದು ಹುಳಿಗೆ ಅದು ಕರಗುವುದರಿಂದ. ಬೆಲುಂ ಗುಹೆ ಆದದ್ದೂ ಅದೇ ಸ್ವಭಾವದಿಂದ, ನಿಂಬೆರಸದ ಬದಲು ಮಳೆನೀರು, ಒಂದು ರಾತ್ರಿಯ ಬದಲು ಸಾವಿರಾರು ವರ್ಷ.

ಯಾರು ಇಳಿಯುವ ಮೊದಲು ಯೋಚಿಸಬೇಕು

ಆಸ್ತಮಾ, ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಪಾತಾಳಗಂಗೆಯ ಆಸೆ ಬಿಡುವುದು ಒಳಿತು. ಮಂಡಿನೋವಿನವರಿಗೆ ಇಳಿಯುವಾಗಲೇ ಕಷ್ಟ. ಲಿಫ್ಟ್‌ನಲ್ಲಿ ಹೋಗಲೂ ಹೆದರುವವರು ಮೊದಲ ಹಜಾರದಲ್ಲಿ ಹತ್ತು ನಿಮಿಷ ನಿಂತು ನೋಡಲಿ, ಎದೆ ಡವಡವ ಎಂದರೆ ಅಲ್ಲಿಂದಲೇ ಹಿಂತಿರುಗಬಹುದು. ಮುಂದೆ ಎರಡು ಭುಜ ಗೋಡೆಗೆ ತಾಗುವಂಥ, ಬಗ್ಗಿ ಸಾಗುವಂಥ ಜಾಗಗಳಿವೆ, ಹಿಂದೆ ಜನ ಬಂದಿದ್ದರೆ ಥಟ್ಟನೆ ತಿರುಗಿ ಬರಲಾಗದು.

ಮನೆಯ ಹಿರಿಯರನ್ನು ಕರೆತಂದವರು ಅವರನ್ನು ಮೇಲೆ ಬಿಸಿಲಲ್ಲಿ ಕೂರಿಸಿ ಹೋಗುವುದುಂಟು. ಅದು ಬೇಕಾಗಿಲ್ಲ. ಮೆಟ್ಟಿಲು ನಿಧಾನವಾಗಿ ಇಳಿಯಬಲ್ಲವರಾದರೆ ಮೊದಲ ದೊಡ್ಡ ಹಜಾರ ಮತ್ತು ಧ್ಯಾನಮಂದಿರ ಅವರಿಗೂ ಸಿಗುತ್ತವೆ, ಅಷ್ಟಕ್ಕೇ ಬಂದದ್ದು ಸಾರ್ಥಕ. ಕೈಗೂಸನ್ನು ಎದೆಗೆ ಕಟ್ಟಿಕೊಂಡು ಒಳ ಹೋದರೆ ತಗ್ಗು ಚಾವಣಿಯಲ್ಲಿ ಬಗ್ಗುವಾಗ ಮಗುವಿನ ತಲೆ ಕಲ್ಲಿಗೆ ತಾಗುತ್ತದೆ. ಮಗುವನ್ನು ಒಬ್ಬರು ಮೇಲೆ ನೋಡಿಕೊಂಡು ಸರದಿಯಂತೆ ಇಳಿಯಿರಿ.

ಏನು ಒಯ್ಯಬೇಕು

ಹತ್ತಿಯ ತೆಳು ಬಟ್ಟೆ. ಜೀನ್ಸ್ ಬೆವರು ಹೀರಿ ಮಂಡಿಗೆ ಅಂಟುತ್ತದೆ, ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಹಿಡಿಯುತ್ತದೆ. ಸೀರೆ, ದುಪಟ್ಟಾ ತೊಟ್ಟವರು ಸೆರಗು ಬಿಗಿದು ಸಿಕ್ಕಿಸಿಕೊಳ್ಳಲಿ.

ಅಡಿಯಲ್ಲಿ ಹಿಡಿತವಿರುವ ಶೂ. ನೆಲಕ್ಕೆ ಕಾಲುದಾರಿ ಹಾಸಿದ್ದಾರೆ, ಆದರೆ ನೀರು ಜಿನುಗುವ ಕಡೆ ಸುಣ್ಣದ ತೆಳು ಲೋಳೆಯಂಥ ಪದರ ಕೂತಿರುತ್ತದೆ. ಸವೆದ ಚಪ್ಪಲಿ ಅಲ್ಲಿ ಸಾಬೂನಿನ ಮೇಲೆ ಕಾಲಿಟ್ಟಂತೆ ಜಾರುತ್ತದೆ.

ಟಾರ್ಚ್. ನಾಲ್ಕು ಜನಕ್ಕೆ ಕಡೇಪಕ್ಷ ಎರಡು, ಒಂದು ಹಣೆಗೆ ಕಟ್ಟುವುದಾದರೆ ಇನ್ನೂ ಒಳ್ಳೆಯದು. ಒಳಗೆ ದೀಪಗಳಿರುವಾಗ ಟಾರ್ಚ್ ಯಾಕೆ ಎಂದು ಕೇಳಬೇಡಿ. ಕರೆಂಟು ಹೋದರೆ ನೆಲದಡಿಯ ಕತ್ತಲು ಹೇಗಿರುತ್ತದೆ ಎಂಬುದು ಒಂದು ಕಾರಣ. ಎರಡನೆಯದು ಗುಹೆಯನ್ನು ನೋಡುವುದಕ್ಕೇ ಸಂಬಂಧಿಸಿದ್ದು: ಅಲ್ಲಿನ ದೀಪಗಳು ಬಂಗಾರದ ಹಳದಿ, ಅವುಗಳ ಬೆಳಕಲ್ಲಿ ಕಲ್ಲೆಲ್ಲ ಮರಳಿನ ಬಣ್ಣದ್ದಾಗಿ ಕಾಣುತ್ತದೆ. ನಿಮ್ಮ ಬಿಳಿ ಬೆಳಕು ಬಿಟ್ಟಾಗಲೇ ಕಲ್ಲಿನ ನಿಜವಾದ ಬೂದು, ಕಪ್ಪು, ನಡುವಿನ ಪದರಗಳು ಎದ್ದು ಬರುತ್ತವೆ.

ಕುಡಿಯುವ ನೀರು ಒಬ್ಬರಿಗೆ ಒಂದು ಲೀಟರ್, ಅರ್ಧ ಇಳಿಯುವ ಮುನ್ನ, ಅರ್ಧ ಹೊರಬಂದ ಮೇಲೆ. ಒಂದು ಸಣ್ಣ ಟವೆಲು, ಬದಲಿಸಲು ಒಂದು ಅಂಗಿ, ಚಿಲ್ಲರೆ ನಗದು. ಚೀಲ ಒಯ್ಯುವುದಾದರೆ ಚಿಕ್ಕದು, ಇಕ್ಕಟ್ಟಿನಲ್ಲಿ ಎದೆಯ ಮೇಲೆ ತಂದುಕೊಳ್ಳುವಂಥದ್ದು. ತಿಂಡಿ ಬೇಡ. ಬಿದ್ದ ಚೂರು ಮಳೆಗಾಲದ ತನಕ ಅಲ್ಲೇ ಕೊಳೆಯುತ್ತದೆ.

ಇಳಿಯುವ ಕ್ರಮ

1. ಟಿಕೆಟ್ ಕೊಂಡ ಮೇಲೆ ಶೌಚಾಲಯಕ್ಕೆ ಹೋಗಿ ಬನ್ನಿ. ಒಳಗೆ ಇಲ್ಲ. ನೀರು ಕುಡಿಯಿರಿ.

2. ಎ.ಸಿ. ಕಾರಿನಿಂದ ಇಳಿದು ನೇರ ಒಳ ಹೋಗಬೇಡಿ. ತಣ್ಣಗಿನ ಕನ್ನಡಕ, ಕ್ಯಾಮೆರಾದ ಗಾಜು ತೇವದ ಗಾಳಿಗೆ ಸಿಕ್ಕ ಕೂಡಲೇ ಮಂಜು ಹಿಡಿಯುತ್ತವೆ. ಹೊರಗೆ ಹದಿನೈದು ನಿಮಿಷ ಇಟ್ಟರೆ ಸರಿಹೋಗುತ್ತದೆ. ಒರೆಸುತ್ತ ಕೂತರೆ ಒರೆಸುತ್ತಲೇ ಇರಬೇಕು.

3. ಮಾರ್ಗದರ್ಶಕರು ಸಿಕ್ಕರೆ ಜೊತೆಗೆ ಕರೆದುಕೊಳ್ಳಿ, ಹಣ ಮೊದಲೇ ಮಾತಾಡಿ. ತೆಲುಗಿನವರು ನಿಧಾನವಾಗಿ ಮಾತಾಡಿದರೆ ಅರ್ಧಕ್ಕರ್ಧ ನಮಗೆ ತಿಳಿಯುತ್ತದೆ. ‘ಈ ಕಲ್ಲು ಆನೆಯಂತಿದೆ, ಅದು ಮೊಸಳೆಯಂತಿದೆ’ ಎಂಬುದಷ್ಟೇ ಅವರ ಮಾತಾಗದಂತೆ ನೀವೇ ಪ್ರಶ್ನೆ ಕೇಳಬೇಕು: ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆ, ಯಾವ ಹಾದಿ ಮುಚ್ಚಿದ್ದಾರೆ, ಯಾಕೆ.

4. ಕಬ್ಬಿಣದ ಮೆಟ್ಟಿಲಲ್ಲಿ ಬಿಸಿಲಿನಿಂದ ಕತ್ತಲಿಗೆ ಇಳಿಯುತ್ತೀರಿ. ಕೆಳಗಿಳಿದು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಳ್ಳದೆ ನಡೆದವರೇ ಮೊದಲ ಹತ್ತು ಹೆಜ್ಜೆಯಲ್ಲಿ ಹಣೆ ಚಚ್ಚಿಕೊಳ್ಳುವುದು. ಅಲ್ಲಿಂದ ತಲೆಯೆತ್ತಿ ನೋಡಿ: ಆಕಾಶ ಕಾಣುವ ಈ ದೊಡ್ಡ ತೂತು, ಕೆಳಗೆ ಟೊಳ್ಳಾದ ಮೇಲೆ ಚಾವಣಿ ಕುಸಿದು ಆದದ್ದು.

5. ಮುಖ್ಯ ದಾರಿಯಲ್ಲಿ ಎಲ್ಲೂ ಹೆಚ್ಚು ನಿಲ್ಲದೆ ಮೊದಲು ಪಾತಾಳಗಂಗೆಗೆ ಹೋಗಿಬಿಡಿ. ಕಾಲಿನಲ್ಲಿ ಕಸುವಿರುವಾಗಲೇ ಆಳ ಮುಗಿಯಲಿ. ಕವಲುಗಳನ್ನೆಲ್ಲ ನೋಡಿ ಕೊನೆಗೆ ಅದನ್ನು ಇಟ್ಟುಕೊಂಡವರು ಮೇಲಿನ ಮೆಟ್ಟಿಲಿನಿಂದಲೇ ಇಣುಕಿ ಹಿಂತಿರುಗುತ್ತಾರೆ.

6. ವಾಪಸು ಬರುವಾಗ ಒಂದೊಂದೇ ಕವಲಿಗೆ ಹೊಕ್ಕು ಹೊರಬನ್ನಿ. ಒಂದು ಕವಲು ಮುಗಿಸಿ ಮುಖ್ಯ ದಾರಿಗೆ ಬಂದು, ಆಮೇಲೆ ಮುಂದಿನದು. ಕವಲಿನೊಳಗಿಂದ ಕವಲಿಗೆ ದಾಟಲು ಹೋದರೆ ದಿಕ್ಕು ತಪ್ಪುತ್ತದೆ.

7. ದೀಪವಿಲ್ಲದ, ಸರಪಳಿ ಕಟ್ಟಿದ ಹಾದಿಗೆ ಕಾಲಿಡಬೇಡಿ. ಅಲ್ಲಿ ಗಾಳಿ ತಳ್ಳುವ ಏರ್ಪಾಡೂ ಇರುವುದಿಲ್ಲ. ಗಾಳಿಯಾಡದ ತಗ್ಗಿನಲ್ಲಿ ಇಂಗಾಲದ ಡೈಆಕ್ಸೈಡ್ ನಿಂತಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಗೋಡೆ ಓದುವುದು

ಮೊದಲು ಕಲ್ಲಿನ ವಯಸ್ಸು, ಗುಹೆಯ ವಯಸ್ಸು ಎರಡನ್ನೂ ಬೇರೆ ಮಾಡಿಕೊಳ್ಳಿ. ಈ ಸುಣ್ಣಕಲ್ಲು ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು, 50 ಕೋಟಿ ವರ್ಷಕ್ಕೂ ಹಿಂದಿನದು. ಗುಹೆ ಅದರೊಳಗೆ ಬಹಳ ಈಚೆಗೆ ಕೊರೆದದ್ದು. ‘ಕೋಟ್ಯಂತರ ವರ್ಷದ ಗುಹೆ’ ಎನ್ನುವವರು ಕಲ್ಲಿನ ವಯಸ್ಸನ್ನು ಗುಹೆಗೆ ಕೊಟ್ಟಿರುತ್ತಾರೆ.

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಬಿರುಕು ಹಿಡಿದು ಇಳಿದು, ಬದಿಗಳನ್ನು ಕರಗಿಸಿ, ಬಿರುಕನ್ನು ಅಗಲಿಸುತ್ತದೆ. ಬೆಲುಂನಲ್ಲಿ ಎಷ್ಟೋ ಹಾದಿಗಳು ನೇರ ಸಾಗಿ ಥಟ್ಟನೆ ತಿರುಗುವುದು ಇದಕ್ಕೇ, ನೀರು ಹಿಡಿದದ್ದು ಕಲ್ಲಿನಲ್ಲಿ ಮೊದಲೇ ಇದ್ದ ಸೀಳನ್ನು. ಚಾವಣಿಯ ನಡುವೆ ಟಾರ್ಚ್ ಓಡಿಸಿದರೆ ಹಾದಿಯುದ್ದಕ್ಕೂ ಒಂದು ಗೆರೆ ಹೋಗಿರುವುದು ಹಲವು ಕಡೆ ಕಾಣುತ್ತದೆ. ಹಾದಿಗೆ ಬೀಜ ಆ ಗೆರೆ.

ಈಗ ಹಾದಿಯ ಅಡ್ಡಕೊಯ್ತದ ಆಕಾರ ನೋಡಿ. ದುಂಡು ಅಥವಾ ಮೊಟ್ಟೆಯಾಕಾರವಿದ್ದರೆ, ಆಗ ಕೊಳವೆ ಪೂರ್ತಿ ನೀರು ತುಂಬಿ ಹರಿದಿದೆ. ಚಾವಣಿ, ಬದಿ, ತಳ ಎಲ್ಲವೂ ಸಮವಾಗಿ ಕರಗಿದೆ. ಎತ್ತರವಾಗಿ ಕಿರಿದಾದ ಸಂದಿಯಂತಿದ್ದರೆ, ಅಂತರ್ಜಲ ಕೆಳಗಿಳಿದು ನೀರು ತಳದಲ್ಲಷ್ಟೇ ಹರಿದು ಕೆಳಮುಖವಾಗಿ ಕೊರೆದಿದೆ. ಮೇಲೆ ದುಂಡು, ಕೆಳಗೆ ಸಂದಿ, ಅಂದರೆ ಹಳೆಯ ಬೀಗದ ಕಿಂಡಿಯಂತೆ ಕಂಡರೆ ಎರಡೂ ಕಾಲ ಒಂದೇ ಜಾಗದಲ್ಲಿ ದಾಖಲಾಗಿವೆ. ಅಂಥದೊಂದು ಹಾದಿ ಕಂಡಾಗ ಹಿಂದಿನವರಿಗೆ ದಾರಿ ಬಿಟ್ಟು ನಿಂತು ನೋಡಿ.

ಇನ್ನೂ ಹತ್ತಿರ ಹೋಗಿ. ಗಟ್ಟಿ ಮೊಸರಿನ ಮೇಲೆ ಚಮಚ ಆಡಿಸಿ ತೆಗೆದರೆ ಉಳಿಯುವ ಗುರುತಿನಂಥ ಗುಳಿಗಳು, ಒಂದಕ್ಕೊಂದು ಅಂಟಿಕೊಂಡು ಗೋಡೆಯಲ್ಲಿ ಸಾಲಾಗಿ ಕಂಡರೆ ಟಾರ್ಚನ್ನು ಗೋಡೆಗೆ ತಾಗುವಂತೆ ಅಡ್ಡ ಹಿಡಿಯಿರಿ. ನೇರ ಬೆಳಕಿನಲ್ಲಿ ಗೋಡೆ ಚಪ್ಪಟೆ, ಅಡ್ಡ ಬೆಳಕಿನಲ್ಲಿ ಪ್ರತಿ ಗುಳಿಗೂ ನೆರಳು ಬೀಳುತ್ತದೆ. ಗುಳಿಯ ಒಂದು ಬದಿ ಕಡಿದು, ಎದುರು ಬದಿ ನಿಧಾನದ ಇಳಿಜಾರು. ಕಡಿದಾದ ಬದಿ ಯಾವ ಕಡೆಗಿದೆಯೋ ನೀರು ಬಂದದ್ದು ಆ ಕಡೆಯಿಂದ. ಗುಳಿಗಳು ಚಿಕ್ಕವಾದಷ್ಟೂ ನೀರು ವೇಗವಾಗಿ ಹರಿದಿದೆ, ದೊಡ್ಡವಾದಷ್ಟೂ ನಿಧಾನ. ಮಕ್ಕಳಿದ್ದರೆ ಈ ಒಂದನ್ನು ಹೇಳಿಕೊಡಿ, ಉಳಿದ ದಾರಿಯುದ್ದಕ್ಕೂ ‘ಬೇಗ ಹೋಗೋಣ’ ಎನ್ನುವುದಿಲ್ಲ.

ಇಳಿಬಿದ್ದ ಕಲ್ಲುಗಳು ಇದಕ್ಕೆ ತಿರುಗಾಮುರುಗಾ. ಸುಣ್ಣ ಕರಗಿಸಿಕೊಂಡ ನೀರು ಚಾವಣಿಯಿಂದ ಒಸರಿ ಗುಹೆಯ ಗಾಳಿಗೆ ಬಂದಾಗ, ಗೋಲಿ ಸೋಡಾ ಒಡೆದಂತೆ, ಅದರಲ್ಲಿದ್ದ ಅನಿಲ ಹೊರಹೋಗುತ್ತದೆ. ಹುಳಿ ಕಡಿಮೆಯಾಯಿತು, ಸುಣ್ಣವನ್ನು ಹಿಡಿದಿಡುವ ಶಕ್ತಿಯೂ ಹೋಯಿತು. ಕಣ್ಣಿಗೆ ಕಾಣದಷ್ಟು ಸುಣ್ಣ ಹನಿಯ ಅಂಚಿನಲ್ಲಿ ಉಂಗುರವಾಗಿ ಕೂರುತ್ತದೆ. ಹನಿಯ ಮೇಲೆ ಹನಿ, ಉಂಗುರದ ಕೆಳಗೆ ಉಂಗುರ, ಮೊದಲಿಗೆ ಹನಿಯಷ್ಟೇ ದಪ್ಪದ, ಅಂದರೆ ಸುಮಾರು 5 ಮಿಲಿಮೀಟರ್ ಅಗಲದ ಟೊಳ್ಳು ಕೊಳವೆ. ಕೊಳವೆ ಕಟ್ಟಿಕೊಂಡ ಮೇಲೆ ನೀರು ಹೊರಮೈಯಲ್ಲಿ ಇಳಿದು ದಪ್ಪವಾಗುತ್ತದೆ. ಹೀಗೆ ಚಾವಣಿಯಿಂದ ಇಳಿದದ್ದು ಸ್ಟ್ಯಾಲಕ್ಟೈಟ್, ಅದೇ ಹನಿ ನೆಲಕ್ಕೆ ಬಿದ್ದು ಮೇಲೆದ್ದದ್ದು ಸ್ಟ್ಯಾಲಗ್ಮೈಟ್, ಎರಡೂ ಕೂಡಿದರೆ ಕಂಬ. ಬೆಳೆಯುವ ವೇಗ ಜಾಗದಿಂದ ಜಾಗಕ್ಕೆ ಬಹಳ ಬೇರೆ. ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಎಂದು ಹಿಡಿದರೂ ಒಂದು ಗೇಣಿಗೆ ಎರಡು ಸಾವಿರ ವರ್ಷ. ತುದಿಯಲ್ಲಿ ಹನಿ ತೂಗುತ್ತಿದ್ದರೆ ಅದು ಈಗಲೂ ಬೆಳೆಯುತ್ತಿರುವ ಕಲ್ಲು. ಮಂಕಾಗಿ ಒಣಗಿದ್ದರೆ ಅದಕ್ಕೆ ನೀರು ನಿಂತಿದೆ.

ಮುಟ್ಟಬೇಡಿ ಎನ್ನುವುದಕ್ಕೆ ಕಾರಣವೂ ಇಲ್ಲೇ ಇದೆ. ಅಂಗೈಯ ಎಣ್ಣೆ ಪಸೆ ಕಲ್ಲಿಗೆ ಹತ್ತಿದರೆ ನೀರು ಅಲ್ಲಿ ಹರಡದೆ ಜಾರುತ್ತದೆ, ಸುಣ್ಣ ಕೂರುವುದಿಲ್ಲ. ನೂರಾರು ಕೈ ತಾಗಿದ ಕಲ್ಲುಗಳು ಕಪ್ಪಗೆ ಹೊಳೆಯುವುದನ್ನು ದಾರಿಯ ಬದಿಯಲ್ಲೇ ನೋಡಬಹುದು. ದೀಪಗಳ ಪಕ್ಕದ ಕಲ್ಲಿನಲ್ಲಿ ಹಸಿರು ಪಾಚಿ ಕಂಡರೆ ಅದು ಗುಹೆಯದಲ್ಲ, ದೀಪ ತಂದದ್ದು. ಬೆಳಕಿಲ್ಲದಿದ್ದರೆ ಅಲ್ಲಿ ಹಸಿರೇ ಬದುಕುವುದಿಲ್ಲ.

ಹೆಸರಿರುವ ಜಾಗಗಳು

ಧ್ಯಾನಮಂದಿರ ಬಾಗಿಲಿಗೆ ಹತ್ತಿರದಲ್ಲೇ ಇದೆ. ದಿಂಬಿಟ್ಟ ಮಂಚದಂತೆ ಕಾಣುವ ಕಲ್ಲಿದೆ, ಋಷಿಗಳು ಇಲ್ಲಿದ್ದರು ಎಂಬ ನಂಬಿಕೆ. ಈ ಗುಹೆಗಳಲ್ಲಿ ಬೌದ್ಧ, ಜೈನ ಭಿಕ್ಷುಗಳು ನೆಲೆಸಿದ್ದರೆಂಬ ಮಾತಿದೆ, ಹೊರಗಿನ ಬುದ್ಧನಿಗೆ ಅದೇ ನೆಪ. ಪಿಲ್ಲಿದ್ವಾರಂ ಎಂದರೆ ಬೆಕ್ಕಿನ ಬಾಗಿಲು, ತೆಲುಗಿನಲ್ಲಿ ಪಿಲ್ಲಿ ಅಂದರೆ ಬೆಕ್ಕು. ಅದರಾಚೆ ನಕ್ಷೆ ಬರೆದ ಗೆಬಾವರ್ ಹೆಸರಿನ ಹಜಾರವಿದೆ. ಸಿಂಹದ್ವಾರಂ ಸಿಂಹದ ತಲೆಯನ್ನು ಹೋಲುವ ಸಹಜ ಕಮಾನು.

ಕೋಟಿಲಿಂಗಾಲು: ಲಿಂಗಾಕಾರದ ಸಾವಿರಾರು ಚಿಕ್ಕ ಕಲ್ಲುಗಳು ಒತ್ತೊತ್ತಾಗಿ ಮೂಡಿರುವ ಕೋಣೆ. ನಡುವೆ ಮೇಲಿನದೂ ಕೆಳಗಿನದೂ ಕೂಡಿ ಆದ ದೊಡ್ಡ ಕಂಬವೊಂದಿದೆ. ಊಡಲ ಮರ್ರಿ ಎಂದರೆ ಬಿಳಲು ಬಿಟ್ಟ ಆಲ. ಹೆಸರಿಟ್ಟವರ ಕಣ್ಣು ದೊಡ್ಡದು, ಕೆಳಗೆ ನಿಂತು ಮೇಲೆ ನೋಡಿದರೆ ಆಲದ ಮರವನ್ನು ಬುಡದಿಂದ ನೋಡಿದ ಹಾಗೆಯೇ. ಸಾವಿರ ಹೆಡೆಗಳ ಕೋಣೆಯಲ್ಲಿ ಚಾವಣಿ ತುಂಬ ನಾಗರಹೆಡೆ ಬಿಚ್ಚಿದಂತೆ ಕಲ್ಲುಗಳು. ಇಲ್ಲಿ ಮಾತ್ರ ಕತ್ತೆತ್ತಿ ನಡೆಯಬಹುದು, ಅಥವಾ ನಿಂತೇ ನೋಡುವುದು ಕ್ಷೇಮ.

ಸಪ್ತಸ್ವರಗಳ ಗುಹೆಯನ್ನು 2006ರಲ್ಲಿ ತೆರೆದರು. ಇಳಿಬಿದ್ದ ಕಲ್ಲುಗಳನ್ನು ಮರದ ಕೋಲಿನಿಂದಲೋ ಬೆರಳ ಗೆಣ್ಣಿನಿಂದಲೋ ತಟ್ಟಿದರೆ ಲೋಹದ ದನಿ ಬರುತ್ತದೆ. ಪವಾಡವೇನಲ್ಲ, ಒಂದು ತುದಿ ಹಿಡಿದ, ಇನ್ನೊಂದು ತುದಿ ಬಿಟ್ಟ ಗಟ್ಟಿ ಕಲ್ಲಿನ ಹಲಗೆ ಜಾಗಟೆಯಂತೆ ಕಂಪಿಸುತ್ತದೆ. ಉದ್ದ, ದಪ್ಪ ಬೇರೆಯಾದಂತೆ ದನಿಯೂ ಬೇರೆ. ಒಳಗೆ ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ‘ದಬ್’ ಎನ್ನುತ್ತದೆ, ಮತ್ತೆ ಮತ್ತೆ ಹೊಡೆದರೆ ಎಲ್ಲವೂ ಕೊನೆಗೆ ಹಾಗೇ ಆಗುತ್ತವೆ. ಮಾರ್ಗದರ್ಶಕರು ಒಮ್ಮೆ ತಟ್ಟಿ ತೋರಿಸಿದ್ದು ಸಾಕು, ಸಾಲಿನಲ್ಲಿರುವ ಪ್ರತಿಯೊಬ್ಬರೂ ತಟ್ಟಬೇಕಾಗಿಲ್ಲ.

ಪಾತಾಳಗಂಗೆಯಲ್ಲಿ ದೊಡ್ಡ ಜಲಪಾತವನ್ನು ನಿರೀಕ್ಷಿಸಬೇಡಿ. ಸಣ್ಣ ತೊರೆ, ವರ್ಷವಿಡೀ ಹರಿಯುವಂಥದ್ದು. ಆಗ್ನೇಯದಿಂದ ವಾಯವ್ಯಕ್ಕೆ ಹರಿದು ಕಲ್ಲಿನೊಳಗೆ ಮಾಯವಾಗುತ್ತದೆ. ಬೆಲುಂ ಊರಿನ ಬಾವಿಗೆ ಅದೇ ನೀರು ಹೋಗುತ್ತದೆ ಎಂದು ಊರವರು ನಂಬುತ್ತಾರೆ. ಜನ ಇಲ್ಲದ ಗಳಿಗೆಯಲ್ಲಿ ಟಾರ್ಚ್ ಆರಿಸಿ ಒಂದು ನಿಮಿಷ ನೀರಿನ ಸದ್ದು ಕೇಳಿ. ಗುಹೆ ಕೊರೆದ ಕೆಲಸ ಇಲ್ಲಿ ಇನ್ನೂ ನಡೆಯುತ್ತಿದೆ.

ಫೋಟೊ

ಫ್ಲ್ಯಾಷ್ ಆರಿಸಿ. ಗಾಳಿಯಲ್ಲಿ ತೇಲುವ ನೀರಿನ ಕಣಗಳಿಗೆ ಬೆಳಕು ಬಡಿದು ಚಿತ್ರದ ತುಂಬ ಬಿಳಿ ಚುಕ್ಕಿ ಬರುತ್ತವೆ, ಜೊತೆಗೆ ಗೋಡೆಯ ಉಬ್ಬುತಗ್ಗೆಲ್ಲ ಅಳಿಸಿಹೋಗುತ್ತದೆ. ಫೋನಿನ ನೈಟ್ ಮೋಡ್ ಹಾಕಿ ಮೊಣಕೈಯನ್ನು ಕಂಬಿಗೆ ಊರಿ, ಎರಡು ಮೂರು ಸೆಕೆಂಡು ಉಸಿರು ಹಿಡಿದು ತೆಗೆಯಿರಿ. ಜೊತೆಯವರು ಬದಿಯಿಂದ ಟಾರ್ಚ್ ಹಿಡಿದರೆ ಗುಳಿಗಳು ಮೂಡುತ್ತವೆ. ಚಿತ್ರದಲ್ಲಿ ಒಬ್ಬ ಮನುಷ್ಯ ಇರಲಿ, ಇಲ್ಲವಾದರೆ ಹಾದಿ ಎರಡಡಿಯದೋ ಇಪ್ಪತ್ತಡಿಯದೋ ಗೊತ್ತಾಗದು. ಟ್ರೈಪಾಡ್ ತೆರೆಯುವ ಮುನ್ನ ಬಾಗಿಲಲ್ಲೇ ಕೇಳಿ.

ತಪ್ಪುಗಳು, ತೊಂದರೆಗಳು

ದೀಪ ಆರಿದರೆ ನಿಂತಲ್ಲೇ ನಿಲ್ಲಿ, ಟಾರ್ಚ್ ಹಚ್ಚಿ, ಜೊತೆಯವರನ್ನು ಎಣಿಸಿ. ಕತ್ತಲಲ್ಲಿ ಹೆಜ್ಜೆ ಹಾಕಿದವರಿಗೇ ಪೆಟ್ಟಾಗುವುದು. ಫೋನ್ ಸಿಗ್ನಲ್ ನಂಬಿ ಗುಂಪು ಚದುರಬೇಡಿ, ನೆಲದಡಿಗೆ ಅದು ಬರುವುದಿಲ್ಲ. ‘ಅರ್ಧ ಗಂಟೆಗೆ ಕೋಟಿಲಿಂಗಾಲಿನ ಬಾಯಲ್ಲಿ’ ಎಂಬಂತೆ ಮೊದಲೇ ಮಾತಾಡಿಕೊಳ್ಳಿ.

ತಲೆನೋವು, ಏದುಸಿರು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಗಾಬರಿ: ಇವು ಕೆಟ್ಟ ಗಾಳಿಯಿಂದಲೂ ಬರಬಹುದು, ಬೆವರಿ ನೀರು ಕಡಿಮೆಯಾದದ್ದರಿಂದಲೂ ಬರಬಹುದು. ಯಾವುದೆಂದು ಒಳಗೆ ನಿಂತು ಚರ್ಚಿಸಬೇಡಿ. ಗಾಳಿ ಬರುವ ರಂಧ್ರದ ಕೆಳಗೆ ಎರಡು ನಿಮಿಷ ಕೂರಿಸಿ, ಆಮೇಲೆ ನಿಧಾನವಾಗಿ ಮೇಲೆ ಕರೆತನ್ನಿ. ಮೇಲೆ ಬಂದ ಕೂಡಲೇ ಬಾಟಲಿ ಪೂರ್ತಿ ಗಟಗಟ ಕುಡಿಸುವ ಬದಲು ಉಪ್ಪು ಹಾಕಿದ ಮಜ್ಜಿಗೆಯನ್ನೋ ಓ.ಆರ್.ಎಸ್. ಅನ್ನೋ ಗುಟುಕು ಗುಟುಕಾಗಿ ಕೊಡಿ.

ಹೊರಬಂದ ಮೇಲೆ

ಒದ್ದೆ ಅಂಗಿ ಬದಲಿಸಿ, ಹತ್ತು ನಿಮಿಷ ನೆರಳಲ್ಲಿ ಕೂತು ಆಮೇಲೆ ಕಾರಿನ ಎ.ಸಿ. ಹಾಕಿ. ಮಧ್ಯಾಹ್ನ ಇನ್ನೂ ಉಳಿದಿದ್ದರೆ ತಾಡಪತ್ರಿಯಲ್ಲಿ ವಿಜಯನಗರ ಕಾಲದ ಎರಡು ದೇವಸ್ಥಾನಗಳಿವೆ, ಬುಗ್ಗ ರಾಮಲಿಂಗೇಶ್ವರ ಮತ್ತು ಚಿಂತಲ ವೆಂಕಟರಮಣ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ, ಸಂಜೆ ತೆರೆಯುವ ಹೊತ್ತಿಗೆ ಹೋಗಿ. ರಾತ್ರಿ ಉಳಿಯುವವರು ಗಂಡಿಕೋಟಕ್ಕೆ ಹೋಗುವುದು ಒಳ್ಳೆಯ ಲೆಕ್ಕ, ಸುಮಾರು 60 ಕಿಲೋಮೀಟರ್. ಪೆನ್ನಾರ್ ನದಿ ಕೊರೆದ ಕಣಿವೆಯನ್ನು ಬೆಳಗಿನ ಬಿಸಿಲಲ್ಲಿ ನೋಡಬೇಕು, ಎಂಟು ಗಂಟೆ ದಾಟಿದರೆ ಬಂಡೆಯ ಮೇಲೆ ಕೂರಲಾಗದು. ಬನಗಾನಪಲ್ಲಿಯ ಆಚೆಗಿನ ಯಾಗಂಟಿ ಇನ್ನೊಂದು ದಿಕ್ಕಿಗೆ. ಅದನ್ನೂ ಗಂಡಿಕೋಟವನ್ನೂ ಒಂದೇ ಸಂಜೆಗೆ ತುರುಕಬೇಡಿ.